ಆ ಕಾಗದದಲ್ಲಿದ್ದ ಪದ

ಮಾರ್ಚ್ ೯

ಅಪ್ಪನಿಗೆ,

ನಿಮ್ಮ ಕಾರ್ಡು ಬಂತು. ಬೆನ್ನುನೋವು ಕಡಿಮೆಯಾಗಿದೆ ಎಂದು ಓದಿ ಸಮಾಧಾನವಾಯಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಯಿತು. ಮೆಣಸು ನಾಲ್ಕನೇ ತರಗತಿ ಮುಗಿಸುತ್ತಿದ್ದಾಳೆ. ನನ್ನ ಮಗಳನ್ನು ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತೇವೆ, ಅವಳ ಬಾಯಿ ಹಾಗಿದೆ.

ಸಾಮಾನ್ಯವಾಗಿ ನನ್ನ ಪತ್ರ ಇಲ್ಲಿಗೆ ಮುಗಿಯುತ್ತದೆ. ಈ ಸಲ ಒಂದು ಕೆಲಸದ ಮಾತಿದೆ. ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಕೇಳಿಸದು.

ನಾನಿರುವುದು ಕೆಲಸಗಾರರ ದೂರು ಕೇಳುವ ನ್ಯಾಯಮಂಡಳಿಯ ಅನುವಾದ ವಿಭಾಗದಲ್ಲಿ ಎಂದು ನಿಮಗೆ ಗೊತ್ತು. ಒಬ್ಬರನ್ನು ಕೆಲಸದಿಂದ ತೆಗೆದಾಗ ಇಂಗ್ಲಿಷಿನಲ್ಲಿ ಆದೇಶ ಬರೆಯುತ್ತಾರೆ, ಅದನ್ನು ನಾವು ಕನ್ನಡಕ್ಕೆ ಮಾಡಿಕೊಡುತ್ತೇವೆ. ಕೆಟ್ಟ ನಡತೆಗೆ ಇಂಗ್ಲಿಷಿನವರ ಹತ್ತಿರ ಎಷ್ಟು ಪದಗಳಿವೆ ಅಂತೀರಿ! ಡಿಸ್‌ಗ್ರೇಸ್‌ಫುಲ್, ಡಿಸ್‌ರೆಪ್ಯುಟಬಲ್, ಸ್ಕ್ಯಾಂಡಲಸ್, ಅನ್‌ಬಿಕಮಿಂಗ್... ಇದುವರೆಗೆ ನೂರ ನಲವತ್ತಮೂರು ಪಟ್ಟಿ ಮಾಡಿದ್ದೇನೆ. ಒಂದು ಪದ ಮಾಡಿದವನ ತಪ್ಪಿಗೆ, ಇನ್ನೊಂದು ನೋಡಿದವರ ಬಾಯಲ್ಲಿ ಬೆಳೆದ ಕೆಟ್ಟ ಹೆಸರಿಗೆ, ಮತ್ತೊಂದು ಕುಳಿತ ಕುರ್ಚಿಗೆ ಒಪ್ಪದ ನಡೆಗೆ. ನಮ್ಮ ವಿಭಾಗದಲ್ಲಿ ಎಲ್ಲಕ್ಕೂ ಸೇರಿಸಿ ಎರಡೇ ಪದ: ಅಸಭ್ಯ, ದುರ್ನಡತೆ. ಹೋದ ವಾರ ಲಿಫ್ಟಿನಲ್ಲಿ ಕುಳಿತು ತೂಕಡಿಸಿದವನಿಗೂ ಚಾಕು ತೋರಿಸಿದ ಕಾವಲುಗಾರನಿಗೂ ಒಂದೇ ಪದ ಹೋಯಿತು. ಲಿಫ್ಟಿನವನು ಕಿಟಕಿಯ ಹತ್ತಿರ ಬಂದು, "ಅಮ್ಮಾ, ನಾನು ಮಾಡಿದ್ದೇನು ಅಂತ ಇದರಲ್ಲಿ ಎಲ್ಲಿ ಬರೆದಿದೆ?" ಎಂದು ಕೇಳಿದ. ಹುಡುಕಿದೆ. ಎಲ್ಲಿಯೂ ಬರೆದಿರಲಿಲ್ಲ.

ಹಾಗಾಗಿ ಪದಪಟ್ಟಿ ಹೊಸದಾಗಿ ಮಾಡುವ ಕೆಲಸ ನನ್ನ ತಲೆಗೆ ಬಂದಿದೆ. ನೀವು ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾಲ್ಕು ಜನರಿಗೆ ಮೇಸ್ತ್ರಿಯಾಗಿದ್ದವರು. ಅಲ್ಲಿ ಯಾರಾದರೂ ತಪ್ಪು ಮಾಡಿದರೆ ನೀವೆಲ್ಲ ಏನನ್ನುತ್ತಿದ್ದಿರಿ? ನೆನಪಾದಷ್ಟು ಬರೆಯಿರಿ. ಅವಸರವಿಲ್ಲ.

ನಿಮ್ಮ
ಮಗಳು


ಮಾರ್ಚ್ ೨೩

ಮಗಳಿಗೆ,

ನಿನ್ನ ಪತ್ರ ಎರಡು ಪುಟ ಇತ್ತು. ಏನಾದರೂ ಅನಾಹುತವಾಯಿತೋ ಎಂದು ಮೊದಲು ಕೊನೆ ಓದಿ, ಆಮೇಲೆ ಶುರುವಿನಿಂದ ಓದಿದೆ.

ನೀನು ಕೇಳಿದ ಪದಗಳು ನನ್ನಲ್ಲಿ ಮೂಟೆಗಟ್ಟಲೆ ಇವೆ. ಈಗಲೂ ಹಾಸ್ಟೆಲ್ಲಿನ ಬಟ್ಟೆ ಇಸ್ತ್ರಿ ಮಾಡುತ್ತಾ ನನ್ನಷ್ಟಕ್ಕೆ ನಾನೇ ಅಂದುಕೊಳ್ಳುತ್ತಿರುತ್ತೇನೆ.

ಸೋಪು ಕದಿಯುವವನಿಗೆ ಕೈ ಉದ್ದ ಅನ್ನುತ್ತಿದ್ದೆವು. ಆದರೆ ಮಕ್ಕಳ ಬಟ್ಟೆಗೆಂದು ಸವೆದ ತುಂಡು ಸೆರಗಿಗೆ ಕಟ್ಟಿಕೊಂಡವಳಿಗೆ ಆ ಮಾತು ಅನ್ನುತ್ತಿರಲಿಲ್ಲ. ಆ ಕಡೆ ನೋಡುತ್ತಲೇ ಇರಲಿಲ್ಲ. ಬೆಳಿಗ್ಗೆ ಸಹಿ ಹಾಕಿ ಕಾಣೆಯಾಗುವವನು ಮೈಗಳ್ಳ. ಕೆಲಸವನ್ನೂ ಮಾಡಿ ಮಾಡಿದ್ದನ್ನೇ ಹತ್ತು ಸಲ ಹೇಳುವವನು ಮೈಗಳ್ಳನಿಗಿಂತ ಕಡೆ, ಅವನಿಗೆ ತುತ್ತೂರಿ ಅನ್ನುತ್ತಿದ್ದೆವು. ನಮ್ಮೆದುರು ಒಂದು ಮೇಡಂ ಎದುರು ಒಂದು ಮಾತಾಡುವವಳು ಎರಡು ನಾಲಿಗೆ. ಎಷ್ಟು ಬೈದರೂ ನಗುತ್ತಾ ನಿಲ್ಲುವವನು ಮೂರೂ ಬಿಟ್ಟವನು. ಆ ಮೂರು ಯಾವುವು ಎಂದು ನನ್ನನ್ನು ಕೇಳಬೇಡ, ನನಗೂ ಗೊತ್ತಿಲ್ಲ. ಇಷ್ಟರಲ್ಲಿ ಯಾವುದನ್ನೂ ನ್ಯಾಯಾಧೀಶರ ಮುಂದೆ ಓದಬೇಡ.

ಹೆಸರು ಕೆಟ್ಟವನಿಗೆ ಮಾತ್ರ ನಮ್ಮಲ್ಲಿ ಪದವಿರಲಿಲ್ಲ. ಅವನು ಒಳಗೆ ಬಂದರೆ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು, ಅಷ್ಟೇ. ಅದನ್ನು ಪಟ್ಟಿಯಲ್ಲಿ ಹೇಗೆ ಬರೆಯುತ್ತೀಯೋ ನಿನಗೆ ಬಿಟ್ಟದ್ದು.

ಇನ್ನು ಲಗಾಮಿಲ್ಲದ ಬಾಯಿ ಅಂತ ಒಂದಿದೆ. ಅದು ನಾನೇ. ನಾನು ಬೈದದ್ದಕ್ಕೆ ಆಸ್ಪತ್ರೆಯವರು ನನ್ನನ್ನು ಕೆಲಸದಿಂದ ತೆಗೆದ ಕಾಗದದಲ್ಲಿ ಒಂದು ದೊಡ್ಡ ಇಂಗ್ಲಿಷ್ ಪದ ಬರೆದಿದ್ದರಲ್ಲ, ಅದನ್ನೂ ನಿನ್ನ ಪಟ್ಟಿಗೆ ಸೇರಿಸು. ಅಪ್ಪನ ಕಡೆಯಿಂದ ಒಂದು ಪದವಾದರೂ ನಿನಗೆ ಸಿಕ್ಕಂತಾಗಲಿ.

ಮೆಣಸಿಗೆ ಆಶೀರ್ವಾದ. ನಿನ್ನಮ್ಮನ ಕಣ್ಣು ಹುಷಾರು.

ನಿನ್ನ
ಅಪ್ಪ


ಮಾರ್ಚ್ ೨೮

ಅಪ್ಪನಿಗೆ,

"ನಾನು ಬೈದದ್ದಕ್ಕೆ" ಎಂದು ಬರೆದಿದ್ದೀರಿ. ಯಾರನ್ನು ಬೈದಿರಿ? ಯಾಕೆ?

ಆ ಕಾಗದ ಇನ್ನೂ ನಿಮ್ಮ ಹತ್ತಿರ ಇದ್ದರೆ ಅದರಲ್ಲಿರುವುದನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಿ ಕಳಿಸಿ. ಅರ್ಥವಾಗದಿದ್ದರೂ ಪರವಾಗಿಲ್ಲ, ಚಿತ್ರ ಬರೆದಂತೆ ಬರೆಯಿರಿ. ಬೇಗ ಕಳಿಸಿ.

ಮಗಳು


ಏಪ್ರಿಲ್ ೬

ಮಗಳಿಗೆ,

ನಿನಗೆ ಗೊತ್ತಿಲ್ಲವೆಂದರೆ ನನಗೆ ಆಶ್ಚರ್ಯ. ಕಾಗದ ಓದಿದವಳು ನೀನೇ. ನಿನ್ನಮ್ಮ ಆಮೇಲಾದರೂ ಹೇಳಿರುತ್ತಾಳೆ ಅಂದುಕೊಂಡಿದ್ದೆ.

ಬಟ್ಟೆ ಒಣಗಿಸಿ ಸುಕ್ಕು ತೆಗೆಯುವ ದೊಡ್ಡ ರೋಲರು ಗೊತ್ತಲ್ಲ, ಉರುಳೆರಡೂ ಒಲೆಯ ಹಾಗೆ ಕಾದಿರುತ್ತವೆ. ಕೈ ಸಿಕ್ಕದಂತೆ ಅದರ ಮುಂದಿದ್ದ ತಡೆಪಟ್ಟಿ ಮುರಿದು ತಿಂಗಳಾಗಿತ್ತು. ಮೂರು ಸಲ ಹೇಳಿದ್ದೆ. ಆ ದಿನ ದೊಡ್ಡವರು ಯಾರೋ ಆಸ್ಪತ್ರೆ ನೋಡಲು ಬರುವವರಿದ್ದರು. ಮೇಡಂ, ಅಂದರೆ ನಮ್ಮ ಮೇಲಿದ್ದ ಲೇಡಿ ಸೂಪರಿಂಟೆಂಡೆಂಟು, ಗಂಟೆಗೆ ಇಷ್ಟು ಮಂಚದ ಹಾಸು ಆಗಲೇಬೇಕೆಂದು ತಲೆ ಮೇಲೆ ನಿಂತಿದ್ದರು. ರೋಲರಿನಲ್ಲಿದ್ದವಳು ಗಂಜಿಯಕ್ಕ. ಬಟ್ಟೆಗೆ ಗಂಜಿ ಹಾಕುವುದರಲ್ಲಿ ಅವಳ ಕೈ ಬಿಟ್ಟರೆ ಇನ್ನೊಂದಿಲ್ಲ, ಅದಕ್ಕೆ ಆ ಹೆಸರು. ನನಗಿಂತ ಹತ್ತು ವರ್ಷ ದೊಡ್ಡವಳು. ಹಾಸಿನ ಜೊತೆ ಅವಳ ಬಲಗೈ ಮಣಿಕಟ್ಟಿನವರೆಗೂ ಒಳಗೆ ಹೋಯಿತು.

ಯಂತ್ರ ನಿಲ್ಲಿಸಿ ಕೈ ಬಿಡಿಸಿದೆ. ಚರ್ಮ ಆ ಹಾಸಿನ ಬಟ್ಟೆಗೇ ಅಂಟಿಕೊಂಡು ಬಂತು. ಅವಳು ಕೂಗಲಿಲ್ಲ, ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು. ಆಗ ಮೇಡಂ ಬಂದು ಅಂದರು: "ಆ ಶೀಟು ಬೇರೆ ಇಡಿ, ಅದನ್ನ ಮತ್ತೆ ಒಗೀಬೇಕಾಗುತ್ತೆ."

ನನ್ನ ಬಾಯಿಂದ ಒಂದು ಮಾತು ಬಂತು. ಕೊಳಕು ಮಾತು. ಹೆಂಗಸಿಗೆ ಅನ್ನಬಾರದ್ದು, ಗಂಡಸಿಗೂ ಅನ್ನಬಾರದ್ದು. ಹದಿನಾಲ್ಕು ಜನರೂ ಕೇಳಿಸಿಕೊಂಡರು. ಅಷ್ಟಕ್ಕೇ ನಿಲ್ಲದೆ ಅವರ ಕೈಲಿದ್ದ ಹಾಜರಿ ಪುಸ್ತಕ ಕಿತ್ತು ಬಟ್ಟೆ ನೆನೆಸುವ ಸೋಡಾ ನೀರಿನ ತೊಟ್ಟಿಗೆ ಎಸೆದೆ. ಹದಿನೈದು ದಿನಕ್ಕೆ ಕಾಗದ ಬಂತು.

ಆವತ್ತು ಸಂಜೆ ನೀನು ಶಾಲೆಯ ಬಟ್ಟೆಯಲ್ಲೇ ಕಿಟಕಿ ಹತ್ತಿರ ನಿಂತು ಓದಿದೆ. ನಿಘಂಟು ನೋಡಿ ನೋಡಿ "ಮೇಡಂ ಜೊತೆ ಅಶ್ಲೀಲ ನಡತೆ" ಅಂದೆ. ಎಷ್ಟು ಸರಿಯಾಗಿ ಬರೆದಿದ್ದಾರೆ ಅಂದುಕೊಂಡೆ, ನಾನು ಅಂದದ್ದು ಅಂಥದ್ದೇ ಮಾತು. ನಿನ್ನಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟು "ಹೌದಾ?" ಅಂದಳು. "ಹೌದು, ತಪ್ಪಾಯ್ತು. ಮಗು ಎದುರಿಗೆ ಆ ಮಾತು ಬೇಡ," ಅಂದೆ.

ನನ್ನ ಬಾಯಿ ಒಂದು ದಿನ ಮನೆಗೆ ಬೆಂಕಿ ಹಚ್ಚುತ್ತದೆ ಎಂದು ಅವಳು ಹದಿನಾರು ವರ್ಷ ಹೇಳಿದ್ದಳು. ಹಚ್ಚಿತು. ಕೆಲಸ ಹೋಯಿತು, ಆಸ್ಪತ್ರೆಯವರು ಕೊಟ್ಟಿದ್ದ ಮನೆಯೂ ಹೋಯಿತು. ನಿನ್ನನ್ನು ಕರೆದುಕೊಂಡು ಅವಳು ಅಣ್ಣನ ಮನೆಗೆ ಹೋದಾಗ ತಡೆಯುವ ಮುಖ ನನಗಿರಲಿಲ್ಲ. ಎರಡು ಸಲ ಬಂದೆ. ನಿನ್ನ ಸೋದರಮಾವ ಬಾಗಿಲಲ್ಲೇ ನಿಂತು "ಅಂಥ ಕೆಲಸ ಮಾಡಿದೋನು ಯಾವ ಮುಖ ಇಟ್ಕೊಂಡು ಬಂದೆ?" ಅಂದ. ಸರಿಯಾಗಿಯೇ ಕೇಳಿದ ಅಂದುಕೊಂಡು ಹಿಂದಿರುಗಿದೆ.

ಕಾಗದದ ನಕಲು ಬೇರೆ ಹಾಳೆಯಲ್ಲಿದೆ. ಭೂತಗನ್ನಡಿ ಇಟ್ಟುಕೊಂಡು ಬರೆದಿದ್ದೇನೆ. ಎಲ್ಲಿಯಾದರೂ ಕಾಲು ಕೊಂಬು ಹೆಚ್ಚುಕಡಿಮೆ ಆಗಿದ್ದರೆ ಹೊಂದಿಸಿಕೋ.

ಅಪ್ಪ


ಏಪ್ರಿಲ್ ೧೪

ಅಪ್ಪ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು. ಹೇಗೆ ಬಂದರೆ ಹಾಗೆ ಬರೆದುಬಿಡುತ್ತೇನೆ.

ನಿಮ್ಮ ನಕಲಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಅದರಲ್ಲಿರುವ ಪದ ಇನ್‌ಡೆಕರಸ್. ನಾಲ್ಕು ಜನರ ಮುಂದೆ ಇರಬೇಕಾದ ಹಾಗೆ ಇರಲಿಲ್ಲ, ಮರ್ಯಾದೆ ಮೀರಿದ, ಅಷ್ಟೇ ಅದರ ಅರ್ಥ. ಸಭೆಯಲ್ಲಿ ಕಿರುಚಿದವನಿಗೂ ಆ ಪದ ಸಲ್ಲುತ್ತದೆ. ನನ್ನ ಪಟ್ಟಿಯಲ್ಲಿ ಅದಕ್ಕೆ ಎದುರಾಗಿ "ಅನುಚಿತ" ಎಂದು ನಾನೇ ಹೋದ ತಿಂಗಳು ಬರೆದಿದ್ದೇನೆ.

ಶಾಲೆಯಲ್ಲಿ ಬಹುಮಾನ ಬಂದ ನನ್ನ ಚಿಕ್ಕ ನಿಘಂಟಿನಲ್ಲಿ ಆ ಪದ ಇರಲೇ ಇಲ್ಲ ಅಪ್ಪ. ಇನ್‌ಡೀಸೆಂಟ್ ಇತ್ತು. ಎರಡಕ್ಕೂ ಮೊದಲ ಐದು ಅಕ್ಷರ ಒಂದೇ. ಟೈಪು ಮಾಡಿದವರು ತಪ್ಪಿರಬೇಕು ಅಂದುಕೊಂಡೆ. "ಈ ಪದ ನನಗೆ ಗೊತ್ತಿಲ್ಲ" ಎಂದು ಹೇಳಬಹುದಿತ್ತು. ಆದರೆ ಇಂಗ್ಲಿಷಿನಲ್ಲಿ ನಾನೇ ಮೊದಲು, ನೀವಿಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದಿರಿ. ಗೊತ್ತಿಲ್ಲ ಅನ್ನಲು ನಾಚಿಕೆಯಾಯಿತು. ಹತ್ತಿರದ ಪದದ ಅರ್ಥ ಓದಿಬಿಟ್ಟೆ.

ಅಮ್ಮನಿಗೆ ಅದು ಬೈಗುಳ ಎಂದು ಕೇಳಿಸಲಿಲ್ಲ. ನೀವು ಆ ಹೆಂಗಸಿನ ಮೈಮೇಲೆ ಕೈ ಹಾಕಿದಿರಿ ಎಂದು ಕೇಳಿಸಿತು. ನೀವು "ಹೌದು" ಅಂದಿರಿ. ಮಾವನಿಗೆ ಅವಳು "ಅದೇ, ಅಂಥ ವಿಷಯ" ಅಂದಳು. ಮಾವ ಅತ್ತೆಗೆ "ಆ ಕೆಲಸ" ಅಂದರು. ಅದಕ್ಕಿಂತ ಬಿಡಿಸಿ ಯಾರೂ ಯಾರಿಗೂ ಹೇಳಲಿಲ್ಲ. ಆ ಮನೆಯಲ್ಲಿ ನಿಮ್ಮ ಮಾತು ಬಂದಾಗ ಎಲ್ಲರೂ ಸುಮ್ಮನಾಗುತ್ತಿದ್ದರು. ಹೆಸರು ಕೆಟ್ಟವನಿಗೆ ಪದವಿಲ್ಲ ಎಂದು ನೀವು ಬರೆದಿದ್ದಿರಲ್ಲ, ಹಾಗೆ.

ಇನ್ನೊಂದು ಇದೆ. ಹದಿನಾಲ್ಕರಲ್ಲಿ ನಂಬಿದ್ದನ್ನು ನಾನು ಮೂವತ್ತಾರರವರೆಗೂ ನಂಬಿದೆ. ಮೆಣಸು ಹುಟ್ಟಿದಾಗ ನೋಡಲು ಬರುತ್ತೇನೆಂದು ಬರೆದಿರಿ. ಮನೆ ಚಿಕ್ಕದು, ಮಲಗಲು ಜಾಗವಿಲ್ಲ ಎಂದು ಉತ್ತರ ಬರೆದೆ. ಜಾಗ ಇತ್ತು ಅಪ್ಪ. ನಿಮ್ಮನ್ನು ನನ್ನ ಮಗಳ ಹತ್ತಿರ ಬಿಡಲು ಭಯವಿತ್ತು. ಮರುವರ್ಷವೂ ಹಾಗೇ ಬರೆದೆ. ಆಮೇಲೆ ನೀವೇ ಕೇಳುವುದನ್ನು ಬಿಟ್ಟಿರಿ.

ಏನೆಂದು ಕ್ಷಮೆ ಕೇಳಲಿ? ದಿನವಿಡೀ ಪದಗಳನ್ನೇ ತೂಗುವ ಕೆಲಸ ನನ್ನದು. ಈಗ ಒಂದೂ ಸಿಗುತ್ತಿಲ್ಲ.

ಮಗಳು


ಮೇ ೨೭

ಅಪ್ಪ,

ಆರು ವಾರವಾಯಿತು. ಹಾಸ್ಟೆಲ್ಲಿಗೆ ಫೋನು ಮಾಡಿ ಕೇಳಿದೆ, ನೀವು ದಿನವೂ ಕೆಲಸಕ್ಕೆ ಬರುತ್ತಿದ್ದೀರಿ ಎಂದರು. ಪತ್ರ ಕೈಸೇರಿದೆ ಎಂದಾಯಿತು.

ಬೈಯುವುದಾದರೆ ಬೈದಾದರೂ ಒಂದು ಸಾಲು ಬರೆಯಿರಿ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಮಗಳು


ಜೂನ್ ೧೧

ಮಗಳಿಗೆ,

ಬೈಯಲು ಕುಳಿತೆ, ಬರಲಿಲ್ಲ. ಅದಕ್ಕೇ ಬರೆಯಲಿಲ್ಲ.

ನಿನ್ನ ಪತ್ರ ಓದಿದ ದಿನ ಹಾಸ್ಟೆಲ್ಲಿನ ಒಂದು ಬಿಳಿ ಅಂಗಿ ಸುಟ್ಟೆ. ನಲವತ್ತೈದು ವರ್ಷದಲ್ಲಿ ಮೊದಲನೆಯದು. ಆಮೇಲೆ ನಿನ್ನ ಹಳೆಯ ಪತ್ರಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ. "ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ." ಪ್ರತಿಯೊಂದರಲ್ಲೂ ಅದೇ ಸಾಲು. ಮಗಳಿಗೆ ಪುರುಸೊತ್ತಿಲ್ಲ, ಓದಿದವಳು, ಚುಟುಕಾಗಿ ಬರೆಯುತ್ತಾಳೆ ಅಂದುಕೊಂಡಿದ್ದೆ. ಅಂಥವನೆಂದು ತಿಳಿದೂ ತಿಂಗಳಿಗೊಂದು ಪತ್ರ ಬರೆಯುತ್ತಿದ್ದೆಯಲ್ಲ, ಅದು ಹೇಗೆ ಸಾಧ್ಯವಾಯಿತು? ಸಿಟ್ಟಿನಿಂದ ಕೇಳುತ್ತಿಲ್ಲ. ನಿಜವಾಗಿಯೂ ತಿಳಿಯುತ್ತಿಲ್ಲ. ಕೆಲವು ದಿನ ಅದು ನೆನಪಾಗಿ ಹೊಟ್ಟೆ ತಣ್ಣಗಾಗುತ್ತದೆ. ಕೆಲವು ದಿನ ಅದೇ ನೆನಪಾಗಿ ಉರಿಯುತ್ತದೆ.

ನಿನ್ನ ತಪ್ಪಿನ ಮಾತು ಇಲ್ಲಿಗೆ ಬಿಡು. ಹದಿನಾಲ್ಕು ವರ್ಷದ ಹುಡುಗಿಯ ಕೈಗೆ ಅಂಥ ಕಾಗದ ಕೊಟ್ಟವನು ನಾನು. ಬೀದಿಯ ಕೊನೆಯಲ್ಲಿ ಟೈಪಿಂಗ್ ಅಂಗಡಿಯವನಿದ್ದ, ಅವನಿಗೆ ತೋರಿಸಬಹುದಿತ್ತು. ನಾಚಿಕೆಯಾಗಿ ತೋರಿಸಲಿಲ್ಲ. ನೀನು ಓದಿದ ಮೇಲಂತೂ ಮಡಿಸಿಟ್ಟದ್ದನ್ನು ಬಿಚ್ಚಲೇ ಇಲ್ಲ.

ಮೇಡಂ ಮುಂದೆ ಹೋಗಿ ತಪ್ಪಾಯ್ತು ಅಂದಿದ್ದರೆ ಕೆಲಸ ಉಳಿಯುತ್ತಿತ್ತೇನೋ. ಗಂಜಿಯಕ್ಕನ ಕೈ ನೋಡಿದವನಿಗೆ ಅದು ಆಗಲಿಲ್ಲ. ಅವಳಿಗೆ ಆಮೇಲೆ ಮೂರು ಬೆರಳು ಮಡಿಸಲು ಬರುತ್ತಿರಲಿಲ್ಲ. ಅವಳು ತೀರಿಕೊಂಡು ಆರು ವರ್ಷವಾಯಿತು. ಇದ್ದಿದ್ದರೆ ಬಸ್ಸು ಹತ್ತಿ ಬಂದು ನಿನ್ನಮ್ಮನಿಗೆ ಎರಡು ಮಾತು ಹೇಳಿಯೇ ಹೋಗುತ್ತಿದ್ದಳು.

ನಿನ್ನಮ್ಮ. ಹದಿನಾರು ವರ್ಷ ಒಂದೇ ಮನೆಯಲ್ಲಿದ್ದವಳು "ಏನು ಮಾಡಿದಿರಿ" ಎಂದು ಒಂದು ಸಲ ಬಿಡಿಸಿ ಕೇಳಬಾರದಿತ್ತೇ? ಇರಲಿ. ಈಗ ಅವಳಿಗೆ ಹೇಳಬೇಡ. ಅರವತ್ತು ದಾಟಿದವಳ ತಲೆಯ ಮೇಲೆ ಈ ಕಲ್ಲು ಯಾಕೆ? ನನ್ನ ಮೇಲೆ ಇಷ್ಟು ದಿನ ಇತ್ತು, ಅಭ್ಯಾಸವಾಗಿದೆ.

ಇದೊಂದು ಮಾತು ನಡೆಸಿಕೊಡು.

ಅಪ್ಪ


ಜೂನ್ ೩೦

ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ನಿಮಗಂತೂ ಎಂದೂ ಬರೆದಿಲ್ಲ, ಒಂದೇ ಮನೆಯಲ್ಲಿದ್ದೆವಲ್ಲ. ಹಾಗಾಗಿ ಏನೆಂದು ಕರೆದು ಶುರು ಮಾಡಬೇಕೋ ತಿಳಿಯದೆ ಸೀದಾ ಶುರು ಮಾಡಿದ್ದೇನೆ.

ಮಗಳು ಹೇಳಲಿಲ್ಲ. ಅವಳನ್ನು ಬೈಯಬೇಡಿ. ಕಣ್ಣು ಸರಿಹೋದ ಮೇಲೆ ಮನೆಯಲ್ಲಿರುವ ಕಾಗದವನ್ನೆಲ್ಲ ಓದುವ ಚಟ ಹತ್ತಿದೆ. ಅವಳ ಮೇಜು ಒರೆಸುವಾಗ ನಿಮ್ಮ ಕೈಬರಹ ಕಂಡಿತು. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಓದಿದೆ. ಉಳಿದದ್ದನ್ನು ಆಮೇಲೆ ಅವಳಿಂದ ಕೇಳಿ ತಿಳಿದೆ.

ಬಿಡಿಸಿ ಕೇಳಬಾರದಿತ್ತೇ ಎಂದು ಬರೆದಿದ್ದೀರಿ. ಕೇಳಿದ್ದೆ. "ಹೌದಾ?" ಅಂತ ಕೇಳಿದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ಇನ್ನೊಂದು ಮಾತು ಕೇಳಿಲ್ಲ. ನೀವು ಹೌದು ಅಂದಿರಿ. ಅದರ ಮೇಲೆ ಒಬ್ಬ ಹೆಂಡತಿ ಗಂಡನನ್ನು ಇನ್ನೇನು ಕೇಳಬೇಕಿತ್ತು? ಎಲ್ಲಿ, ಯಾವಾಗ, ಹೇಗೆ ಅಂತಲೇ? ಮಗಳು ಪಕ್ಕದಲ್ಲಿ ನಿಂತಿದ್ದಳು.

ಐದು ದಿನ ನಾನು ಊಟ ಮಾಡಲಿಲ್ಲ. ಆ ಮೇಡಮ್ಮಿನ ಮುಖ ನೋಡಿರಲಿಲ್ಲವಲ್ಲ, ದಿನಕ್ಕೊಂದು ಮುಖ ಮಾಡಿಕೊಂಡು ಅಳುತ್ತಿದ್ದೆ.

ಈಗ ಇನ್ನೊಂದು ನಿಜ ಹೇಳುತ್ತೇನೆ. ಇದನ್ನು ಮಗಳಿಗೂ ಹೇಳಿಲ್ಲ. ಆ ಪದ ಕೇಳಿದಾಗ ನನ್ನೊಳಗೆ ಎಲ್ಲೋ ಒಂದು ಬಾಗಿಲು ತೆರೆದ ಹಾಗೂ ಆಯಿತು. ಹದಿನಾರು ವರ್ಷ ನಿಮ್ಮ ಸಿಟ್ಟಿಗೆ ಹೆದರಿಕೊಂಡು ಬದುಕಿದ್ದೆ. ನೀವು ಕೈ ಎತ್ತಿದವರಲ್ಲ, ಒಪ್ಪುತ್ತೇನೆ. ಆದರೆ ಸಂಜೆ ಮೆಟ್ಟಿಲ ಮೇಲೆ ನಿಮ್ಮ ಚಪ್ಪಲಿ ಸದ್ದು ಕೇಳಿದರೆ ಇವತ್ತು ಹೇಗೋ ಏನೋ ಎಂದು ನಾನೂ ಮಗಳೂ ಮುಖ ನೋಡಿಕೊಳ್ಳುತ್ತಿದ್ದೆವು. ಬರೀ ಬಾಯಿ ಜೋರು ಎಂದು ಗಂಡನನ್ನು ಬಿಟ್ಟು ಬಂದರೆ ಅಣ್ಣ ಬಾಗಿಲು ತೆಗೆಯುತ್ತಿದ್ದನೇ? ಆ ಪದ ಹೇಳಿದ್ದಕ್ಕೆ ತೆಗೆದ. ಅದಕ್ಕೇ ನಾನದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತಿರುಗಿಸಿ ನೋಡಲಿಲ್ಲ.

ಆ ಪದ ಇಲ್ಲದಿದ್ದರೂ ಎಂದೋ ಒಂದು ದಿನ ನಾನು ಹೋಗುತ್ತಿದ್ದೆನೇನೋ. ಆದರೆ ನನ್ನ ಪಾಡಿಗೆ ನಾನು ಹೋಗುತ್ತಿದ್ದೆ. ಮಗಳಿಗೆ ಅಪ್ಪ ಉಳಿಯುತ್ತಿದ್ದರು. ಅವಳಿಂದ ಅದನ್ನು ಕಸಿದುಕೊಂಡದ್ದು ಅವಳ ನಿಘಂಟಲ್ಲ, ನಾನು. ಅವಳೀಗ ಮಂಕಾಗಿ ಕುಳಿತಿರುತ್ತಾಳೆ, ಮೆಣಸು ಕರೆದರೂ ಓ ಅನ್ನುವುದಿಲ್ಲ. ನೋಡಲು ಆಗುತ್ತಿಲ್ಲ.

ಜುಲೈ ಮೂರನೇ ವಾರ ಮೆಣಸಿನ ಶಾಲೆಗೆ ನಾಲ್ಕು ದಿನ ರಜೆ ಇದೆ. ಬಂದು ಹೋಗಿ. ನನ್ನನ್ನು ನೋಡಲು ಅಂತಲ್ಲ. ಮಲಗಲು ಜಾಗ ಇದೆ.

ಮತ್ತೆ, ನೀವು ಆ ಹೆಂಗಸಿಗೆ ಏನು ಬೈದಿರಿ ಎಂಬುದು ನನಗೆ ಗೊತ್ತಾಗಬೇಕು. ಇಪ್ಪತ್ತೆರಡು ವರ್ಷ ನನ್ನ ಮನೆ ಕೆಡಿಸಿದ ಮಾತು ಯಾವುದು ಅಂತ ತಿಳಿದುಕೊಳ್ಳುವ ಹಕ್ಕು ನನಗಿದೆ.

ಇಂತಿ,
ಮೆಣಸಿನ ಅಜ್ಜಿ


ಜುಲೈ ೭

ನಿನಗೆ,

ನಾನೂ ಸೀದಾ ಶುರು ಮಾಡುತ್ತೇನೆ.

ಮೊದಲ ಎರಡು ದಿನ ನಿನ್ನ ಕಾಗದದ ಮೇಲೆ ಸಿಟ್ಟಿತ್ತು. ಸುಳ್ಳೆಂದು ಅಲ್ಲ, ನಿಜವೆಂದು. ಚಪ್ಪಲಿ ಸದ್ದಿನ ವಿಷಯ ಬರೆದಿದ್ದೀಯಲ್ಲ. ಮನೆಗೆ ಬಂದರೆ ಮಗಳು ಪುಸ್ತಕ ಹಿಡಿದು ಕುಳಿತಿರುತ್ತಿದ್ದಳು, ನೀನು ಒಲೆ ಕಡೆ ತಿರುಗಿರುತ್ತಿದ್ದೆ. ಶಿಸ್ತಿನ ಮನೆ ಎಂದು ಹೆಮ್ಮೆಪಡುತ್ತಿದ್ದೆ ನಾನು.

ಮೇಡಂಗೆ ಒಂದು ಸಲ ಬೈದದ್ದಕ್ಕೆ ಸಹಿ, ಮೊಹರು ಹಾಕಿ ಕಾಗದ ಕೊಟ್ಟರು. ಹದಿನಾರು ವರ್ಷ ನಿನ್ನನ್ನು ಬೈದೆ, ಅದಕ್ಕೆ ಯಾರೂ ಕಾಗದ ಕೊಡಲಿಲ್ಲ. ಕೊಟ್ಟಿದ್ದರೆ ಅದರಲ್ಲಿ ಯಾವ ಪದ ಇರುತ್ತಿತ್ತೋ. ಮಗಳ ಪಟ್ಟಿಯಲ್ಲಿ ಹುಡುಕಿಸಬೇಕು.

ಮಗಳ ಮನಸ್ಸಿನಿಂದ ಅಪ್ಪನನ್ನು ಕಿತ್ತವಳು ನಾನು ಎಂದು ಬರೆದಿದ್ದೀಯ. ಒಬ್ಬಳೇ ಹೊರಬೇಡ. ಆ ದಿನ ನಾನು "ಹೌದು" ಅನ್ನುವ ಬದಲು ಗಂಜಿಯಕ್ಕನ ಕೈ ಸುಟ್ಟದ್ದು ಹೇಳಿದ್ದರೆ ಸಾಕಿತ್ತು. ಮನೆಯಲ್ಲಿ ಕೆಲಸದ ಮಾತು ಆಡುವುದು ನನಗೆ ಅವಮಾನ ಅನ್ನಿಸುತ್ತಿತ್ತು. ಹೊರಗೆ ಬೇಡದ್ದೆಲ್ಲ ಆಡಿ, ಒಳಗೆ ಬೇಕಾದ್ದನ್ನು ಆಡಲಿಲ್ಲ.

ಬೈದ ಮಾತನ್ನು ಬರೆಯಲಾರೆ. ಬರೆದರೆ ಅಂಚೆಯವನಿಗೂ ಪಾಪ ಸುತ್ತಿಕೊಳ್ಳುತ್ತದೆ. ಹದಿನೆಂಟರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಾಲ್ಕು ದಿನ ಇರಲು ಹಾಸ್ಟೆಲ್ಲಿನವರು ಒಪ್ಪಿದ್ದಾರೆ. ಬಂದಾಗ ನಿನ್ನೊಬ್ಬಳಿಗೇ ಹೇಳುತ್ತೇನೆ. ಕೇಳಿ ಆಮೇಲೆ ಬಾಗಿಲು ತೋರಿಸಿದರೆ ಬೇಸರಪಡುವುದಿಲ್ಲ.

ಮೆಣಸಿನ ಅಜ್ಜ


ಜುಲೈ ೨೪

ಅಪ್ಪ,

ತಲುಪಿದಿರೆಂದು ನಿಮ್ಮ ಕಾರ್ಡು ಬಂತು. ಎರಡೇ ಸಾಲು ಬರೆದಿದ್ದೀರಿ, ಸೇಡು ತೀರಿಸಿಕೊಳ್ಳುತ್ತಿದ್ದೀರಾ?

ನೀವಿದ್ದ ನಾಲ್ಕು ದಿನದಲ್ಲಿ ನಿಮ್ಮ ಕಿವಿಗೆ ಬೀಳದೆ ಹೋದ ಮಾತುಗಳು ಕೆಲವಿವೆ. ಅವನ್ನು ಬರೆದು ತಿಳಿಸದಿದ್ದರೆ ನಿಮಗೆ ಗೊತ್ತಾಗುವುದೇ ಇಲ್ಲ, ಅದಕ್ಕೆ ಈ ಪತ್ರ.

ಮೊದಲ ದಿನ ಮೆಣಸು ನಿಮ್ಮ ಎದುರು ಕುಳಿತು "ತಾತ, ನಿಮ್ಮನ್ನ ಯಾಕೆ ಕೆಲಸದಿಂದ ತೆಗೆದ್ರು?" ಎಂದು ಕಿರುಚಿ ಕೇಳಿದಳಲ್ಲ. ನಾನು ತಡೆಯಲು ಎದ್ದೆ. ನೀವು ಅವಳ ಮುಖ ನೋಡಿಕೊಂಡು, "ನನ್ನ ಜೊತೆ ಕೆಲಸ ಮಾಡ್ತಿದ್ದ ಅಕ್ಕನ ಕೈ ಯಂತ್ರಕ್ಕೆ ಸಿಕ್ಕಿ ಸುಟ್ಟಿತು. ನಮ್ಮ ಮೇಡಂ ಬಟ್ಟೆ ಹಾಳಾಯ್ತು ಅಂದ್ರು. ನಂಗೆ ಸಿಟ್ಟು ಬಂದು ಕೆಟ್ಟ ಮಾತು ಬೈದೆ. ಅವರ ಪುಸ್ತಕ ನೀರಿಗೆ ಎಸೆದೆ," ಅಂದಿರಿ. ನಿಮಗೆ ಗೊತ್ತಿಲ್ಲ, ನೀವು ಎಷ್ಟು ಜೋರಾಗಿ ಹೇಳಿದಿರೆಂದರೆ ಎದುರುಮನೆಯವರು ಕಿಟಕಿ ತೆರೆದು ನೋಡಿದರು.

ಮೆಣಸು ನಿಮ್ಮನ್ನು ಬಿಟ್ಟು ನನ್ನ ಕಡೆ ತಿರುಗಿ ಮೆಲ್ಲಗೆ, "ಅಷ್ಟೇನಾ?" ಅಂದಳು. ಅಡಿಗೆಮನೆಯಿಂದ ಅಮ್ಮ ಉತ್ತರ ಕೊಟ್ಟಳು: "ಅಷ್ಟೇ ಕಣೇ."

ಎರಡನೆಯ ದಿನ ನಿಮ್ಮಿಬ್ಬರ ಹಿತ್ತಿಲ ಮಾತು. ನಾನು ಕದ್ದು ಕೇಳಲಿಲ್ಲ, ಆಣೆ. ನೀವು ಆ ಬೈಗುಳವನ್ನು ಅಮ್ಮನ ಕಿವಿಯ ಹತ್ತಿರ ಹೇಳಿದಾಗ ಅವಳು ಸೆರಗು ಬಾಯಿಗೆ ಇಟ್ಟುಕೊಂಡದ್ದು ಮಾತ್ರ ಕಿಟಕಿಯಿಂದ ಕಂಡಿತು. ಅತ್ತಳೆಂದು ನೀವು ಅಂದುಕೊಂಡಿರಿ, ಎದ್ದು ಒಳಗೆ ಬಂದುಬಿಟ್ಟಿರಿ. ಅವಳು ನಗುತ್ತಿದ್ದಳು ಅಪ್ಪ. "ಇಷ್ಟು ಸರಿಯಾದ ಮಾತು ಅವರ ಬಾಯಲ್ಲಿ ಇದೊಂದೇ ಸಲ ಬಂದಿರೋದು," ಅಂದಳು ನನಗೆ. ಆಮೇಲೆ ನಿಜವಾಗಿಯೂ ಅತ್ತಳು. ತುಂಬಾ ಹೊತ್ತು. ನಾನು ಹತ್ತಿರ ಹೋಗಲಿಲ್ಲ.

ಎಲ್ಲ ಸರಿಹೋಯಿತೆಂದು ನಾನು ಬರೆಯುವುದಿಲ್ಲ. ನೀವು ಮೂರನೆಯ ದಿನ ಟೀ ತಣ್ಣಗಿದೆ ಎಂದು ದನಿ ಎತ್ತಿದಾಗ ಅಮ್ಮನ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು. ನಾನು ನೋಡಿದೆ, ನೀವೂ ನೋಡಿದಿರಿ. ನೀವು ಲೋಟ ಎತ್ತಿಕೊಂಡು ಹೋಗಿ ನೀವೇ ಬಿಸಿ ಮಾಡಿಕೊಂಡಿರಿ.

ಪದಪಟ್ಟಿ ಮುಗಿಯಿತು, ನೂರ ಐವತ್ತೆಂಟಕ್ಕೆ ನಿಂತಿದೆ. ಮುನ್ನುಡಿಯಲ್ಲಿ ನಾನೊಂದು ಸಾಲು ಬರೆದಿದ್ದೆ: "ಮೊದಲು ಆತ ಮಾಡಿದ್ದೇನು ಎಂದು ಬರೆಯಿರಿ, ಆಮೇಲೆ ಅದಕ್ಕೆ ಹೆಸರಿಡಿ." ಪದಪಟ್ಟಿಗೆ ಉಪದೇಶ ಬೇಡವೆಂದು ನಮ್ಮ ಮುಖ್ಯಸ್ಥರು ಅದನ್ನು ಹೊಡೆದು ಹಾಕಿದರು. ಮತ್ತೆ ಬರೆದು ಕಳಿಸಿದ್ದೇನೆ. ನಿಮ್ಮ ಮಗಳಲ್ಲವೇ?

ಕೊನೆಯದು ಬಸ್‌ಸ್ಟ್ಯಾಂಡಿನದು. ನೀವು ಕಿಟಕಿ ಪಕ್ಕ ಕುಳಿತಿದ್ದಿರಿ, ಅಮ್ಮ ಕೆಳಗೆ ನಿಂತು ಏನೋ ಹೇಳಿದಳು. ನೀವು ಹೋಗಿಬರುತ್ತೇನೆ ಎಂದು ಕೈ ಬೀಸಿದಿರಿ. ಅವಳು ಮತ್ತೆ ಹೇಳಿದಳು, ನೀವು ಮತ್ತೆ ಕೈ ಬೀಸಿದಿರಿ. ನಾನು ಕೂಗಿ ಹೇಳುತ್ತೇನೆ ಎಂದು ಮುಂದೆ ಹೋದರೆ ಅಮ್ಮ ನನ್ನ ತೋಳು ಹಿಡಿದು, "ಬೇಡ, ಜನ ನೋಡ್ತಾರೆ. ಕಾಗದದಲ್ಲಿ ಬರಿ," ಅಂದಳು.

ಅವಳು ಹೇಳಿದ್ದು ಇದು: "ಮುಂದಿನ ಸಲ ಬರುವಾಗ ನಾಲ್ಕೇ ದಿನ ಅಂತ ಹಾಸ್ಟೆಲ್ಲಿನಲ್ಲಿ ಹೇಳಿ ಬರಬೇಡಿ."

ನಿಮ್ಮ
ಮಗಳು